ನಿಮ್ಮ ರಕ್ತ ನಿಮ್ಮ ಕೈಯಾಗ

ಚಿತ್ತವಾಡ್ಗಿಯ ಓಣಿಯಲ್ಲಿ ಇನ್ನೂ ನಸುಕು. ಗಾದಿಲಿಂಗ ಎರಡು ಮನೆ ಈಚೆಗೇ ಸ್ಕೂಟರ್ ಆರಿಸಿ ತಳ್ಳಿಕೊಂಡು ಬರುತ್ತಾರೆ. ಗಾಡಿಯ ಸದ್ದಿಗೆ ವಿರುಪಮ್ಮ ಬೆಚ್ಚುತ್ತಿದ್ದ ಕಾಲದಿಂದ ಉಳಿದ ಅಭ್ಯಾಸ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತು ಕೇಳುತ್ತಾರೆ: "ಅವ್ವಾ, ಇವತ್ತು ಯಾವ ಕೈ ಕೊಡ್ತೀರಿ?"

"ಎಡಗೈ. ಬಲಗೈ ಹಿಟ್ಟಾಗೈತಿ, ಕಾಣಂಗಿಲ್ಲೇನು?"

ಗಾದಿಲಿಂಗ ಹೊಸಪೇಟೆಯ ಸಣ್ಣ ಲ್ಯಾಬೊಂದಕ್ಕಾಗಿ ಮನೆಮನೆಗೆ ಹೋಗಿ ರಕ್ತ ತೆಗೆಯುವವರು. ಬೆಳಗಿನ ಹೊತ್ತಿಗೆ ಏಳೆಂಟು ಮನೆ, ಕೆಲವು ದಿನ ಕಂಪ್ಲಿಯವರೆಗೂ ಓಡಾಟ. ಲ್ಯಾಬಿನ ವರದಿಯಲ್ಲಿ ಅವರ ಹೆಸರಿರುವುದಿಲ್ಲ. ಅವರ ಬಗ್ಗೆ ಬರೆಯಲೆಂದು ನಾನು ಇವತ್ತು ಜೊತೆಗೆ ಬಂದಿದ್ದೇನೆ.

ಅರವತ್ತೆಂಟರ ವಿರುಪಮ್ಮನವರಿಗೆ ವರ್ಷಗಳಿಂದ ಕಾಣದ ದನಿಗಳ ಕಾಟ. ಅನ್ನದಲ್ಲಿ ವಿಷವಿದೆ ಎನ್ನುತ್ತಿದ್ದವು. ಮಗಳು ಸುಮಲತಾ ಬಡಿಸಿದ ತಟ್ಟೆ ಹಾಗೇ ಉಳಿಯುತ್ತಿತ್ತು. ಎರಡು ಬಗೆಯ ಔಷಧಿ ಸಾಕಷ್ಟು ಕಾಲ ಕೊಟ್ಟರೂ ಗುಣ ಕಾಣದಾಗ ವೈದ್ಯರು ಕ್ಲೋಜಪಿನ್ ಶುರುಮಾಡಿದರು. ವಯಸ್ಸು ನೋಡಿ ತೀರಾ ಕಡಿಮೆಯಿಂದ, ನಿಧಾನವಾಗಿ ಏರಿಸುತ್ತಾ. ಕೆಲವರಲ್ಲಿ ಈ ಮಾತ್ರೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಅದಕ್ಕೇ ಮೊದಲ ತಿಂಗಳುಗಳಲ್ಲಿ ವಾರವಾರ ರಕ್ತಪರೀಕ್ಷೆ. ವರದಿ ಇಲ್ಲದಿದ್ದರೆ ಮಾತ್ರೆಯೂ ಇಲ್ಲ.

ಆಗ ದನಿಗಳು ಹೊಸ ರಾಗ ತೆಗೆದವು: ಇವನು ನಿನ್ನ ರಕ್ತ ಮಾರಿಕೊಳ್ಳುತ್ತಾನೆ. ವಿರುಪಮ್ಮ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟರು.

"ನಾಕ್ ಮಂದಿ ಹಿಡ್ಕೊಂತೀವಿ, ತಗೀ ಅಂದ್ರು ಓಣಿಯವ್ರು. ನನಗ ಮನಸ್ಸಾಗ್ಲಿಲ್ರಿ," ಎನ್ನುತ್ತಾರೆ ಗಾದಿಲಿಂಗ. "ನಿಮ್ಮ ರಕ್ತ ನಿಮ್ಮ ಕೈಯಾಗ ಇರ್ಲಿ ಅವ್ವಾ, ಮಷಿನ್‌ಗೆ ಹಾಕೋದು ನೀವೇ ನೋಡ್ರಿ ಅಂದೆ. ಭಾಳೊತ್ತು ಮಾರಿ ನೋಡಿ, ಕೈ ಚಾಚಿದ್ರು."

ಅಂದಿನಿಂದ ಪ್ರತಿ ವಾರವೂ ವಿರುಪಮ್ಮ ನೇರಳೆ ಮುಚ್ಚಳದ ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿದು ಸ್ಕೂಟರಿನ ಹಿಂದೆ ಲ್ಯಾಬಿಗೆ ಹೋದರು. ಗಾದಿಲಿಂಗ ಎಷ್ಟು ನಿಧಾನ ಓಡಿಸುತ್ತಿದ್ದರೆಂದರೆ, "ಲೇ, ತಳ್ಕೊಂಡೇ ಹೋಗಲೇ, ಪೆಟ್ರೋಲ್ ಉಳಿತೈತಿ!" ಎಂದು ಆಟೊದವರು ರೇಗಿಸುತ್ತಿದ್ದರು.

ವರದಿಗಳೆಲ್ಲ ಸರಿ ಬಂದವು. ಇನ್ನು ತಿಂಗಳಿಗೊಮ್ಮೆ ಸಾಕು ಎಂದಿದ್ದಾರೆ ವೈದ್ಯರು. ಇವತ್ತಿನದು ಅಂಥ ಮೊದಲನೆಯದು.

"ದನಿಗಳು ಹೋದವೇನ್ರಿ?" ಎಂದು ವಿರುಪಮ್ಮನವರನ್ನು ಕೇಳುತ್ತೇನೆ.

"ಅದಾವು. ಈಗ ಆಚಿ ಓಣ್ಯಾಗ ಕುಂತು ಮಾತಾಡ್ತಾವ. ನಾ ಒಳಗ ಕರಿಯಂಗಿಲ್ಲ."

ಸುಮಲತಾ ತೋರಣಗಲ್ಲಿನ ಕಂಪನಿ ಬಸ್ಸಿಗೆ ಅವಸರದಲ್ಲಿದ್ದಾಳೆ. ಅವಳ ಡಬ್ಬಿಗೆ ಈಗ ಅವ್ವನ ಕೈರೊಟ್ಟಿ.

ರಕ್ತ ತೆಗೆದಾಯಿತು. ಗಾದಿಲಿಂಗ ಎಂದಿನಂತೆ ಟ್ಯೂಬನ್ನು ವಿರುಪಮ್ಮನವರತ್ತ ಚಾಚುತ್ತಾರೆ. ಅವರು ತೆಗೆದುಕೊಳ್ಳುವುದಿಲ್ಲ.

"ನೀನೇ ಒಯ್ಯೋ ತಮ್ಮಾ. ಹಂಚಿನ ಮ್ಯಾಲ ರೊಟ್ಟಿ ಐತಿ."

ಗಾದಿಲಿಂಗ ಟ್ಯೂಬನ್ನು ತಮ್ಮ ಚೀಲದಲ್ಲಿಡುತ್ತಾರೆ. ಹೊರಗೆ ಬಂದು, ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ, ನನ್ನತ್ತ ತಿರುಗಿ ನಗುತ್ತಾರೆ.

"ನೋಡ್ರಿ ಅಮ್ಮಾರ, ಇವತ್ತು ನನ್ನನ್ನ ಒಬ್ಬನ್ನೇ ಕಳಿಸ್ಯಾರ."