ಶಾಲೆಯಲ್ಲಿ ಬರೆಸಿದ ವಯಸ್ಸು

ತುಮಕೂರಿನ ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ನಲವತ್ತು ದಾಟಿದವರಿಗೆ ಮಾಸ್ಟರ್ಸ್ ಅಂತ ಬೇರೆ ವಿಭಾಗ. ಎಲ್ಲ ವಯಸ್ಸಿನವರೂ ನಿಲ್ಲೋ ಓಪನ್‌ನಲ್ಲಿ ಹುಡುಗರ ಜೊತೆ ಭಾರ ಎತ್ತೋಕೆ ದಮ್ಮಿಲ್ಲದವರೆಲ್ಲ ಅಲ್ಲಿಗೆ ನುಗ್ತಾರೆ. ನಮ್ಮ ಗುಬ್ಬಿ ಜಿಮ್ಮಿನ ಗೆಳೆಯ ಅಲ್ಲಿ ಒಬ್ಬನೇ ನಿಂತು, ಒಬ್ಬನೇ ಗೆದ್ದು, ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಬೇರೆ ಹಾಕಿಸ್ಕೊಂಡ.

"ನಾಚಿಕೆ ಆಗಲ್ವೇನ್ಲಾ? ನಾನೂ ನಿನ್ನ ವಾರಿಗೆಯವನೇ. ಓಪನ್‌ನಲ್ಲಿ ನಿಂತು ಗಂಡಸಿನ ಥರ ಸೋತು ಬಂದಿದೀನಿ," ಅಂದೆ.

ಅವನು ನಕ್ಕ. "ಬುಡ್ಲಾ ಸಾಕು. ನೀನು ಮೊದಲು ತುಂಬಿದ್ದು ಮಾಸ್ಟರ್ಸ್ ಫಾರಮ್ಮೇ. ಆಧಾರ್ ನೋಡಿ, ವಯಸ್ಸು ಸಾಲದು ಅಂತ ವಾಪಸ್ ಕೊಟ್ಟಾಗ ನಿನ್ನ ಹಿಂದೇನೇ ನಿಂತಿದ್ದೆ."

ಸರ್ಕಾರಿ ಕೆಲಸಕ್ಕೆ ಅನುಕೂಲ ಆಗ್ಲಿ ಅಂತ ನಮ್ಮಪ್ಪ ಕುಣಿಗಲ್ ಶಾಲೇಲಿ ನನಗೆ ಎರಡು ವರ್ಷ ಕಮ್ಮಿ ಬರೆಸಿದ್ದ. ಆ ಕೆಲಸವೂ ಸಿಗಲಿಲ್ಲ, ಈ ಮೆಡಲೂ ಸಿಗಲಿಲ್ಲ.