ಬಾಲ್ಜಾನಕ್ಕನ ದರಿದ್ರ ತಟ್ಟೆ

ಅಲ್ಮಾಟಿಯ ನಮ್ಮ ಪ್ರಯೋಗಾಲಯದಲ್ಲಿ ಬಾಲ್ಜಾನಕ್ಕನಷ್ಟು ಅಕ್ಕರೆಯಿಂದ ಜೀವಕೋಶ ಸಾಕುವವರಿಲ್ಲ. ಅವಳಷ್ಟು ಬಾಯಿತುಂಬ ಅವನ್ನು ಬೈಯುವವರೂ ಇಲ್ಲ. ನಮ್ಮಲ್ಲಿ ಕೂಸನ್ನು ಹೊಗಳಿದರೆ ದೃಷ್ಟಿ ತಾಗುತ್ತದೆ. ತೊಟ್ಟಿಲಿಗೆ ಬಾಗಿ, "ಥೂ, ಎಂಥ ಕುರೂಪಿ!" ಅನ್ನುವುದೇ ಮುದ್ದು. ಬಾಲ್ಜಾನಕ್ಕ ಗಾಜಿನ ತಟ್ಟೆಗಳಿಗೂ ಹಾಗೇ ಅನ್ನುತ್ತಿದ್ದಳು.

"ಇಲಿಯ ಕೋಶಕ್ಕೆ ಯಾರ ದೃಷ್ಟಿ ತಾಗತ್ತಕ್ಕ?" ಎಂದು ನಾನು ಕೆಣಕಿದರೆ, "ನಿನ್ನದೇ ಸಾಕು, ಆಚೆ ಹೋಗೇ" ಎನ್ನುವಳು.

ಅವಳಿಗೆ ಹಿಡಿದಿದ್ದ ಹುಚ್ಚು ಒಂದೇ ಮನೆತನದ ಎರಡು ಪ್ರೋಟೀನುಗಳದು; ಒಂದನ್ನು ಅಣ್ಣ, ಇನ್ನೊಂದನ್ನು ತಮ್ಮ ಎನ್ನುತ್ತಿದ್ದಳು. ಅಣ್ಣ ಅತಿಯಾದರೆ ಕೋಶಗಳು ಶಿಸ್ತು ಮರೆತು ಒಂದರ ಮೇಲೊಂದು ಹತ್ತಿ ಗುಡ್ಡೆಯಾಗುತ್ತವೆ. ಕ್ಯಾನ್ಸರ್ ಕಣ್ಣು ಬಿಡುವುದು ಹೀಗೆ. ತಮ್ಮನ ಮುಖವೂ ಅದೇ, ಆದ್ದರಿಂದ ಬುದ್ಧಿಯೂ ಅದೇ ಎಂಬುದು ಮುಖ್ಯಸ್ಥ ಎರ್ಕೆಬುಲಾನರ ನಂಬಿಕೆ. ಬಾಲ್ಜಾನಕ್ಕ ಒಪ್ಪಲಿಲ್ಲ. ತಮ್ಮನೇ ಅಣ್ಣನ ಕೈ ಹಿಡಿದು ಕೂರಿಸುತ್ತಾನೆ ಎಂದಳು.

"ತೋರಿಸು. ಇಲ್ಲಾಂದ್ರೆ ಈ ಕೆಲಸ ಇಲ್ಲಿಗೇ ಬಂದ್" ಎಂದರು ಅವರು.

ಒಂದು ತಟ್ಟೆಯ ಕೋಶಗಳಿಗೆ ಅಣ್ಣನನ್ನಷ್ಟೇ ಸೇರಿಸಿದಳು, ಇನ್ನೊಂದಕ್ಕೆ ಅಣ್ಣತಮ್ಮ ಇಬ್ಬರನ್ನೂ. ಕೆಲವು ವಾರ ಬೆಳೆಸಿ, ನೇರಳೆ ಬಣ್ಣ ಹಾಕಿ ತೊಳೆದಳು. ಒಂದು ತಟ್ಟೆಯ ತುಂಬ ಕಪ್ಪನೆಯ ಗುಡ್ಡೆಗಳು. ಇನ್ನೊಂದು ಗಾಳಿಯಿಲ್ಲದ ದಿನದ ಸರೋವರದಂತೆ ನುಣ್ಣಗಿತ್ತು.

ಎರ್ಕೆಬುಲಾನ್ ಮುಚ್ಚಳಗಳನ್ನು ಓದಿದರು. ಗುಡ್ಡೆಯೆದ್ದ ತಟ್ಟೆಯ ಹೆಸರು 'ಚಿನ್ನ'. ನುಣ್ಣನೆಯದು 'ದರಿದ್ರ'.

"ನಿನ್ನ ಮುದ್ದಿನ ತಮ್ಮ ಇರೋದು ಚಿನ್ನದಲ್ಲಿ ತಾನೆ? ಅಲ್ಲೇ ಗುಡ್ಡೆ ಎದ್ದಿದೆಯಲ್ಲಮ್ಮ! ಎಲ್ಲಾ ತಲೆಕೆಳಗು. ಎಸೀರಿ ಇದನ್ನ."

ಬಾಲ್ಜಾನಕ್ಕ ಎರಡೂ ತಟ್ಟೆಗಳನ್ನು ಎದೆಗವಚಿಕೊಂಡಳು.

"ಅಯ್ಯೋ ಬೇಡಿ ಸಾರ್! ತಮ್ಮ ಇರೋದು ದರಿದ್ರದಲ್ಲಿ."

"ದರಿದ್ರ ಅಂತ ಬರೆದವರ್ಯಾರು?"

"ನಾನೇ. ಬರೋ ದೃಷ್ಟಿಯೆಲ್ಲ ಆ ರೌಡಿ ತಟ್ಟೆ ಮೇಲೆ ಬೀಳ್ಲಿ ಅಂತ ಅದಕ್ಕೆ ಚಿನ್ನ ಅಂತ ಇಟ್ಟೆ."

ನಾವು ಮುಖ ತಿರುಗಿಸಿ ನಕ್ಕೆವು. ಎರ್ಕೆಬುಲಾನರ ಮೀಸೆಯೂ ಅಲುಗಿತು.

"ನಾನೇನೋ ನಂಬ್ತೀನಿ, ನನಗೂ ಅಜ್ಜಿ ಇದ್ದಳು. ಪ್ರಬಂಧ ಅಚ್ಚು ಹಾಕೋ ಪತ್ರಿಕೆಯವರು ನಂಬ್ತಾರಾ? ಮತ್ತೆ ಬೆಳೆಸು. ಈ ಸಲ ಇದ್ದದ್ದು ಇದ್ದ ಹಾಗೆ ಬರಿ."

ಬರೆದಳು. ಮಗುವಿಗೆ ಸೂಜಿ ಚುಚ್ಚಿಸುವ ತಾಯಿಯಂತೆ ಮುಖ ಆಚೆ ತಿರುಗಿಸಿಕೊಂಡೇ ಬರೆದಳು. ಆ ವಾರಗಳಲ್ಲಿ ಅವಳಿಗೆ ಚಹಾ ಕೂಡ ರುಚಿಸಲಿಲ್ಲ. ಕೊನೆಗೆ ಬಣ್ಣ ಹಾಕಿದಾಗ ಅಣ್ಣನೊಬ್ಬನೇ ಇದ್ದಲ್ಲಿ ಗುಡ್ಡೆ, ತಮ್ಮನೂ ಇದ್ದಲ್ಲಿ ಅದೇ ನುಣುಪು.

ಎರ್ಕೆಬುಲಾನ್ ಸೋತ ಖುಷಿಯಲ್ಲಿ ಕೈ ಕುಲುಕಿದರು. "ಈಗಲಾದ್ರೂ ಅವನನ್ನ ಒಂದು ಸಲ ಹೊಗಳಮ್ಮ."

"ಪ್ರಬಂಧ ಅಚ್ಚಾಗ್ಲಿ ಸಾರ್, ಆಮೇಲೆ ನೋಡೋಣ" ಎಂದು ಬಾಲ್ಜಾನಕ್ಕ ಅಂಗೈಯಿಂದ ತಟ್ಟೆ ಮುಚ್ಚಿದಳು.