ಹೊಳೆಬಾಯಿಯ ಊರಲ್ಲಿ ಕೆಟ್ಟ ಬ್ಯಾಡಗಿ ಕಾಯಿ

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಬ್ಯಾಡಗಿಯ ಒಂದು ಗೋದಾಮಿನಲ್ಲಿ ಒಣಮೆಣಸಿನಕಾಯಿ ಆರಿಸುವ ಕೆಲಸದಲ್ಲಿದ್ದೆ. ಓದು ಸಹಿಯ ಮಟ್ಟಿಗೆ. ಕಾಯಿಯಾದರೆ ಮುಟ್ಟಿದರೆ ಸಾಕು, ಗೊತ್ತಾಗುತ್ತದೆ. ತೊಟ್ಟು ಬಿಡಿಸುವಾಗ ಕಾಯಿ ಮುರಿಯದಿರಲೆಂದು ಮೊದಲು ತುಸು ನೀರು ಚಿಮುಕಿಸುತ್ತೇವೆ. ಬಿಡಿಸಿದ ಮೇಲೆ ಮತ್ತೆ ಬಿಸಿಲಿಗೆ ಹರವಿ, ಬೀಜ ಗಲಗಲ ಎನ್ನುವಷ್ಟು ಒಣಗಿಸಿಯೇ ಚೀಲ ತುಂಬಬೇಕು.

ಕರಾವಳಿಯಲ್ಲಿ ಹೊಳೆ ಸಮುದ್ರ ಸೇರುವ ಕಡೆಯ ಒಂದು ಸಣ್ಣ ಊರಿಗೆ ಇಪ್ಪತ್ತು ಚೀಲ ಹೋಗಿದ್ದವು. ಅವಕ್ಕೆ ಬೂಷ್ಟು ಹಿಡಿದಿದೆ, ಒಣಗಿಸದೆ ತುಂಬಿದ್ದೀರಿ ಎಂದು ಅಲ್ಲಿನ ಅಂಗಡಿಯವನು ಫೋನು ಮಾಡಿದ. ತುಂಬಿದವಳು ರೇಣವ್ವ. ಅವಳನ್ನೂ ಜೊತೆಯ ಏಳು ಹೆಂಗಸರನ್ನೂ ಕೆಲಸದಿಂದ ಬಿಡಿಸುತ್ತೇನೆಂದು ಗೋದಾಮಿನ ಸಾಹುಕಾರ ಕೂಗಾಡಿದ.

"ಮೊದಲ ಮಾಲು ನೋಡ್ರಿ, ಆಮ್ಯಾಲೆ ಬಾಯಿ ಬಿಡ್ರಿ" ಎಂದೆ. ನನ್ನನ್ನೇ ಕಾರಿನಲ್ಲಿ ಹಾಕಿಕೊಂಡು ಹೊರಟ.

ಹೊಳೆ ಸಮುದ್ರಕ್ಕೆ ಬೀಳುವುದನ್ನು ಜನ ಸಾಲಾಗಿ ನಿಂತು ಫೋಟೊ ತೆಗೆಯುತ್ತಿದ್ದರು. ರಾಡಿ ನೀರು ಉಪ್ಪು ನೀರಿಗೆ ಸೇರುತ್ತಿತ್ತು, ಅಷ್ಟೇ. ಉಟ್ಟ ಸೀರೆ ಮೈಗೆ ಅಂಟುವಂಥ ಗಾಳಿ. ಅಂಥ ಊರಲ್ಲಿ ಹೊಳೆಯ ಕಡೆ ಕಿಟಕಿ ತೆರೆದಿಟ್ಟು, ಬರೀ ನೆಲದ ಮೇಲೆ, ಗೋಡೆಗೆ ತಾಗಿಸಿ ಆ ಅಂಗಡಿಯ ಪುಣ್ಯಾತ್ಮ ಚೀಲ ಒಟ್ಟಿದ್ದ. ಕೆಳಗೊಂದು ಹಲಗೆ ಹಾಕುವಷ್ಟೂ ಬುದ್ಧಿಯಿಲ್ಲ.

"ನಿಮ್ಮ ಹೆಂಗಸರು ನೀರು ಹೊಡೆದೇ ತುಂಬಿದ್ದು ಮಾರಾಯ್ರೆ" ಎಂದ.

ಒದ್ದೆ ಕಾಯಿ ತುಂಬಿದ ಚೀಲ ಒಳಗೇ ಬಿಸಿಯಾಗಿ ಮೊದಲು ನಡುವೆ ಕೆಡುತ್ತದೆ. ಒಂದು ಚೀಲವನ್ನು ಅಡ್ಡ ಕೊಯ್ದೆ. ನೆಲ, ಗೋಡೆ ತಾಗಿದ ಕಡೆಯಷ್ಟೇ ಬೂಷ್ಟು. ನಡುವಿನ ಕಾಯಿ ಕೆಂಪಗೆ, ಗಲಗಲ.

"ಯಾಕಪಾ, ನಮ್ಮ ರೇಣವ್ವ ಬ್ಯಾಡಗಿಯಿಂದ ಬಂದು ನಿನ್ನ ಗ್ವಾಡಿಗೆ ನೀರು ಹೊಡದು ಹೋಗ್ಯಾಳೇನು?"

ಇದಕ್ಕೆ ಉತ್ತರ ಕೊಟ್ಟವನು ನಮ್ಮ ಸಾಹುಕಾರ. ಎಲ್ಲ ಕಣ್ಣಾರೆ ಕಂಡೂ ಹಲ್ಲು ಕಿರಿದು, "ಹೆಣ್ಮಕ್ಕಳದ ತಪ್ಪು ಐತ್ರಿ, ಬ್ಯಾರೆ ಮಾಲು ಕಳಸ್ತೇನಿ" ಎಂದ. ಕಾರಿನಲ್ಲಿ ಕೇಳಿದರೆ, "ಗಿರಾಕಿ ಕೈ ತಪ್ಪಬಾರದಲ್ಲ ಆಯಿ" ಎಂದ.

"ಹಂಗಾರ ಈ ಮಾತು ರೇಣವ್ವನ ಮುಂದ ಹೇಳ್ರಿ."

ಹೇಳುವ ಗಂಡಸುತನ ಎಲ್ಲಿತ್ತು? ಮರುದಿನ ಎಂಟೂ ಮಂದಿಯನ್ನು ಹೊರಗೆ ಹಾಕಿದ. ಕಂಡದ್ದನ್ನು ಗೋದಾಮಿನ ನಡುವೆ ನಿಂತು ಹೇಳಿ ನಾನೂ ಹೊರಬಿದ್ದೆ. ಉಳಿದವರು ನಂಬಲಿಲ್ಲವೆಂದಲ್ಲ, ನಂಬಿ, ತಲೆ ತಗ್ಗಿಸಿ ತೊಟ್ಟು ಬಿಡಿಸುತ್ತಿದ್ದರು.

ಆ ಕೆಲಸ ಕಲಿಸಿದ್ದು ಇಷ್ಟು: ತಪ್ಪು ಹೊತ್ತವಳಿಲ್ಲದ ಕಡೆ ಮಾಲು ಪರೀಕ್ಷೆ ಮಾಡಬಾರದು. ಈಗ ಕೆಟ್ಟ ಮಾಲು ನೋಡಲು ಯಾವ ಸಾಹುಕಾರ ಕರೆದರೂ, ಚೀಲ ತುಂಬಿದವಳು ಕಾರು ಹತ್ತಿದ ಮೇಲೆಯೇ ನಾನು ಹತ್ತುವುದು.